ಹುಳ ಬೀಳದ ಬದನೆಕಾಯಿ

ಗೋದಾಮಿನಲ್ಲಿ ಅವನ ಕೆಲಸ ತೂತು ಹಾಕುವುದು. ಹೊಲಕ್ಕೆ ಹೊಡೆಯುವ ಔಷಧಿ ಇಪ್ಪತ್ತು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬರುತ್ತಿತ್ತು. ಮುಂಭಾಗದ ಕೋಣೆಯಲ್ಲಿ ಅದನ್ನು ಸಣ್ಣ ಬಾಟಲಿಗಳಿಗೆ ತುಂಬುತ್ತಿದ್ದರು. ಖಾಲಿಯಾದ ಕ್ಯಾನುಗಳು ಹಿಂದಿನ ಶೆಡ್ಡಿಗೆ, ಅವನ ಹತ್ತಿರ ಬರುತ್ತಿದ್ದವು. ಏನು ಮಾಡಬೇಕೆಂದು ಗೋಡೆಯ ಮೇಲೆ ಚಿತ್ರಸಮೇತ ಬರೆದು ಅಂಟಿಸಿತ್ತು. ಕಾಲು ಭಾಗ ನೀರು ಹಾಕು, ಮುಚ್ಚಳ ಬಿಗಿ, ಅರ್ಧ ನಿಮಿಷ ಕುಲುಕು, ಆ ನೀರನ್ನು ಬೇರೆ ತೊಟ್ಟಿಗೆ ಸುರಿ. ಹೀಗೆ ಮೂರು ಸಲ. ಆಮೇಲೆ ಚೂಪು ಸಲಾಕೆಯಿಂದ ತಳಕ್ಕೆ ಐದು ತೂತು, ಪಕ್ಕಕ್ಕೆ ಎರಡು. ಮುಂದೆ ಯಾರೂ ಆ ಕ್ಯಾನಿನಲ್ಲಿ ನೀರನ್ನೋ ಎಣ್ಣೆಯನ್ನೋ ತುಂಬಿಡಬಾರದು, ಅದು ಇನ್ನು ಯಾವ ಕೆಲಸಕ್ಕೂ ಬರಬಾರದು ಎಂಬುದು ಆ ತೂತಿನ ಉದ್ದೇಶ. ಹದಿನೈದು ದಿನಕ್ಕೊಮ್ಮೆ ಲಾರಿ ಬಂದು ಎಲ್ಲವನ್ನೂ ಪುಡಿ ಮಾಡುವ ಕಾರ್ಖಾನೆಗೆ ಒಯ್ಯುತ್ತಿತ್ತು.

ಲೋಡಿಂಗಿನವರು ಅವನಿಗೆ ತೂತಪ್ಪ ಎಂದು ಹೆಸರಿಟ್ಟಿದ್ದರು. “ಹದಿನೇಳು ವರ್ಷದಲ್ಲಿ ಒಂದಾದ್ರೂ ತೂತು ಮುಚ್ಚಿದೀಯೇನೋ ತೂತಪ್ಪ?” ಎಂದು ಊಟದ ಹೊತ್ತಿನಲ್ಲಿ ಕಾಲೆಳೆಯುತ್ತಿದ್ದರು. ಅವನೂ ನಗುತ್ತಿದ್ದ. ಈ ಹೆಸರನ್ನು ಮನೆಯಲ್ಲಿ ಮಾತ್ರ ಬಾಯಿ ಬಿಟ್ಟು ಹೇಳಿರಲಿಲ್ಲ.

ಮನೆಯಲ್ಲಿ ಅವನ ಹೆಂಡತಿಗೂ ಬೇಕಾಗಿದ್ದದ್ದು ತೂತೇ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹೊಡೆಯುತ್ತಿದ್ದವಳು, ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದಳು. ಬಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಬಾಡಿಗೆ ಮನೆಯ ತಾರಸಿಯ ಮೇಲೆ ತರಕಾರಿ ಹಾಕಲು ಶುರು ಮಾಡಿದಳು. ಬಣ್ಣದ ಖಾಲಿ ಬಕೆಟ್ಟು, ಒಡೆದ ವಾಟರ್ ಫಿಲ್ಟರು, ಮೀನಿನ ಅಂಗಡಿಯವರು ಎಸೆದ ಥರ್ಮಾಕೋಲ್ ಡಬ್ಬ, ಹಿಡಿ ಕಿತ್ತ ಬುಟ್ಟಿ, ಯಾರದೋ ಹಳೆಯ ವಾಷಿಂಗ್ ಮಷೀನಿನ ಒಳಗಿನ ತೊಟ್ಟಿ, ಹೀಗೆ ಬೀದಿಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಮಹಡಿ ಹತ್ತಿತು. “ಇದೇನು ಮನೆಯಾ ಗುಜರಿ ಅಂಗಡಿಯಾ?” ಎಂದು ಅವನು ಗೊಣಗಿದರೆ, “ಗುಜರಿಯವನು ನಿಮ್ಮನ್ನ ತಗೊಳ್ಳಲ್ಲ ಅಂದ, ಇಲ್ಲಾಂದ್ರೆ ಮೊದಲು ನಿಮ್ಮನ್ನೇ ಕಳಿಸ್ತಿದ್ದೆ” ಎನ್ನುತ್ತಿದ್ದಳು.

ಅವಳ ಕಷ್ಟವೆಲ್ಲ ನೀರು ಹೊರಹೋಗುವ ದಾರಿಯದ್ದು. ಮೊಳೆ ಕಾಯಿಸಿ ಚುಚ್ಚಿದರೆ ಬಕೆಟ್ಟು ಸೀಳುತ್ತಿತ್ತು. ಥರ್ಮಾಕೋಲಿಗೆ ಚುಚ್ಚಿದರೆ ತಳವೇ ಉದುರುತ್ತಿತ್ತು. ಚುಚ್ಚದೆ ಬಿಟ್ಟರೆ ಬೇರು ಕೊಳೆಯುತ್ತಿತ್ತು. ಒಂದು ದಿನ ಅವನು ನೀರಿನ ಮೋಟಾರಿಗೆ ಬಿಸಿಲು ತಾಗದಂತೆ ಬೋರಲು ಹಾಕಲೆಂದು ಗೋದಾಮಿನಿಂದ ಒಂದು ಕ್ಯಾನು ತಂದ. ಅವಳು ಅದನ್ನು ಎತ್ತಿ ತಳ ನೋಡಿದಳು. ನಡುವೆ ಒಂದು, ಸುತ್ತ ನಾಲ್ಕು. ಅಳತೆ ಹಿಡಿದು ಹಾಕಿದ ಹಾಗಿದ್ದವು.

“ಇದರಲ್ಲಿ ಏನಿತ್ತು?”

“ಔಷಧಿ. ಮೂರು ಸಲ ತೊಳೆದಿರೋದು.”

“ಮೂರು ಸಲ?”

“ನಾನೇ ಕೈಯಾರೆ ತೊಳೆದಿದೀನಿ ಕಣೇ. ಟಿಕ್ ಹಾಕ್ಬೇಕು, ಸೈನ್ ಹಾಕ್ಬೇಕು.”

ಅವಳು ಸೋಪಿನ ಪುಡಿ ಹಾಕಿ ನಾಲ್ಕನೇ ಸಲ ತೊಳೆದಳು. ಮೇಲ್ಭಾಗವನ್ನು ಬಿಸಿ ಚಾಕುವಿನಿಂದ ಕೊಯ್ದು, ಎರಡು ದಿನ ಬಿಸಿಲಿಗಿಟ್ಟು, ಮಣ್ಣು ತುಂಬಿ ಮೆಣಸಿನ ಸಸಿ ನೆಟ್ಟಳು. ಗಿಡ ಚೆನ್ನಾಗಿ ಬಂತು. ಯಾವ ಕೆಲಸಕ್ಕೂ ಬಾರದಿರಲಿ ಎಂದು ಹಾಕಿದ ತೂತು ಈ ಒಂದು ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಕ್ಯಾನುಗಳನ್ನು ಹೊರಗೆ ಒಯ್ಯಬಾರದು ಎಂಬ ನಿಯಮ ಅವನಿಗೆ ಗೊತ್ತಿತ್ತು. ಆದರೂ ಗೋಣಿಚೀಲದಲ್ಲಿ ಸುತ್ತಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ವಾರಕ್ಕೆ ಒಂದೆರಡು ತರತೊಡಗಿದ. ಗೋದಾಮಿನ ಲೆಕ್ಕದ ಹಾಳೆಯಲ್ಲಿ ‘ಪುಡಿಗೆ ಹೋಯಿತು’ ಎಂದು ಬರೆಯುತ್ತಿದ್ದ. ಗೇಟಿನವನು ಚೀಲವನ್ನು ನೋಡಿಯೂ ನೋಡದವನಂತೆ ಇರುತ್ತಿದ್ದ.

ಬೇಸಿಗೆ ಹೊತ್ತಿಗೆ ಗೋದಾಮಿನ ಬೋರ್‌ವೆಲ್ಲಿನ ಮೋಟಾರು ಸುಟ್ಟಿತು. ಎರಡು ದಿನಕ್ಕೊಮ್ಮೆ ಟ್ಯಾಂಕರು ಬಂದರೆ ಬಂತು. ಸೂಪರ್‌ವೈಸರು ಶೆಡ್ಡಿಗೆ ಬಂದು, “ನೀರು ನೋಡ್ಕೊಂಡು ಬಳಸು. ಒಂದು ಸಲ ಕುಲುಕಿದ್ರೆ ಸಾಕು, ಹೇಗೂ ಪುಡಿಯಾಗೋ ಮಾಲು” ಎಂದ.

“ಹಾಳೆಯಲ್ಲಿ ಏನ್ ಬರೀಲಿ ಸಾರ್?”

“ದಿನಾ ಏನ್ ಬರೀತಿದ್ಯೋ ಅದನ್ನೇ ಬರಿ.”

ಹನ್ನೊಂದು ವಾರ ಅವನು ಒಂದು ಸಲ ತೊಳೆದು ಮೂರು ಟಿಕ್ ಹಾಕಿದ. ಆ ಹನ್ನೊಂದು ವಾರದಲ್ಲಿ ಮನೆಗೆ ಒಯ್ದ ಕ್ಯಾನು ಹತ್ತೊಂಬತ್ತು. ಒಯ್ಯುವುದನ್ನು ನಿಲ್ಲಿಸಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ತಾರಸಿಯ ತೋಟ ಬೀದಿಯಲ್ಲೆಲ್ಲ ಹೆಸರಾಗಿತ್ತು. ಇವತ್ತು ಎಷ್ಟು ತಂದಿರಿ ಎಂದು ಕೇಳಲು ಹೆಂಡತಿ ಸಂಜೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನ ದಾರಿ ಕಾಯಲು ಅವಳು ಬಾಗಿಲಿಗೆ ಬಂದದ್ದು ಅವನಿಗೆ ನೆನಪಿರಲಿಲ್ಲ. ಒಂದು ಸಲ ಅವಳು ಕ್ಯಾನನ್ನು ಮೂಸಿ, “ಯಾಕೋ ವಾಸನೆ ಇದೆ” ಎಂದಳು. “ಹೊಸ ಪ್ಲಾಸ್ಟಿಕ್ಕು, ಅದಕ್ಕೇ” ಎಂದ. ಅವಳು ಸೋಪಿನ ಪುಡಿ ಸ್ವಲ್ಪ ಹೆಚ್ಚು ಹಾಕಿದಳು.

ಹತ್ತೊಂಬತ್ತಕ್ಕೂ ಹಸಿರು, ಹಳದಿ ಬಣ್ಣ ಬಳಿದಾಯಿತು. ಮೊದಲಿನ ಹದಿನೈದರ ಜೊತೆ ಸೇರಿ ಮೂವತ್ತನಾಲ್ಕು ಕ್ಯಾನು ಸಾಲಾಗಿ ನಿಂತವು. ಯಾವುದು ಮೂರು ಸಲ ತೊಳೆದದ್ದು, ಯಾವುದು ಒಂದೇ ಸಲ ತೊಳೆದದ್ದು ಎಂದು ಅವನಿಗೂ ಗುರುತು ಸಿಗುತ್ತಿರಲಿಲ್ಲ.

ಗುರುತು ಹಚ್ಚಿದ್ದು ಹುಳಗಳು. ಮಳೆ ಶುರುವಾಗಿ ಬದನೆ ಗಿಡ ಕಾಯಿ ಬಿಟ್ಟಾಗ ಒಂದು ಭಾನುವಾರ ಹೆಂಡತಿ ಅವನನ್ನು ಮೇಲೆ ಕರೆದಳು. ಥರ್ಮಾಕೋಲ್ ಡಬ್ಬದ ಕಾಯಿಯನ್ನು ಒಂದು ಕೈಯಲ್ಲಿ, ಕ್ಯಾನಿನ ಕಾಯಿಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದಳು. ಕೊಯ್ದು ತೋರಿಸಿದಳು. ಡಬ್ಬದ ಕಾಯಿಯೊಳಗೆ ಹುಳಗಳು ಸಂಸಾರ ಹೂಡಿದ್ದವು. ಕ್ಯಾನಿನ ಕಾಯಿಯೊಳಗೆ ಬೀಜ ಬಿಟ್ಟರೆ ಏನೂ ಇರಲಿಲ್ಲ.

“ಪಕ್ಕಪಕ್ಕದಲ್ಲೇ ಇದಾವೆ. ಇದಕ್ಕೆ ಹುಳ, ಅದಕ್ಕಿಲ್ಲ. ಯಾಕೆ ಹೇಳಿ?”

“ಯಾಕೆ?”

“ನಿಮ್ಮ ತೂತು. ನೀರು ನಿಲ್ಲಲ್ಲ, ಬೇರಿಗೆ ಗಾಳಿ ಆಡುತ್ತೆ. ಗಿಡ ಗಟ್ಟಿ ಇದ್ರೆ ಹುಳ ಹತ್ತಿರ ಸುಳಿಯಲ್ಲ.” ನಕ್ಕಳು. “ಹದಿನೇಳು ವರ್ಷ ಏನ್ ಕಡಿದು ಗುಡ್ಡೆ ಹಾಕ್ತಿದ್ರಿ ಅಂತ ಇವತ್ತು ಗೊತ್ತಾಯ್ತು.”

ಅವನು ಬಗ್ಗಿ ನೋಡಿದ. ಕೆಲವು ಕ್ಯಾನುಗಳ ಎಲೆಗಳ ಅಡಿ ಬಿಳಿ ನೊಣ ಇತ್ತು, ಕೆಲವಲ್ಲಿ ಇರಲಿಲ್ಲ. ಕೆಲವು ಕ್ಯಾನುಗಳ ಅಂಚಿನ ಮೇಲೆ ಇರುವೆ ಸಾಲು ಹರಿಯುತ್ತಿತ್ತು, ಕೆಲವನ್ನು ಅದು ಸುತ್ತು ಹಾಕಿ ಹೋಗುತ್ತಿತ್ತು. ಇರುವೆ ಮುಟ್ಟದವನ್ನು ಎಣಿಸಿದ. ಹದಿನೇಳಕ್ಕೆ ಹೆಂಡತಿ “ಏನು ಎಣಿಸ್ತಿದೀರಿ?” ಎಂದಳು. ಅಲ್ಲಿಗೆ ನಿಲ್ಲಿಸಿದ. ಆ ಔಷಧಿ ಬೇರಿನಿಂದ ಎಲೆಗೆ, ಎಲೆಯಿಂದ ಕಾಯಿಗೆ ಏರುವ ಜಾತಿಯದು. ಬಾಟಲಿಯ ಚೀಟಿಯ ಮೇಲೇ ಹಾಗೆ ಬರೆದಿತ್ತು. ಹಾಕಿದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂದೂ ಬರೆದಿತ್ತು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಹುರಿದ ಬದನೆಕಾಯಿಯ ಬಟ್ಟಲನ್ನು ಅವನು ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದ. ಮರುದಿನ ಗ್ಯಾಸ್ ಎಂದ. ಆಮೇಲೆ ಡಾಕ್ಟರು ಸೊಪ್ಪು ತರಕಾರಿ ಬೇಡ ಅಂದಿದ್ದಾರೆ ಎಂದ. ಮೊಸರು, ಮೊಟ್ಟೆಗಳಲ್ಲಿ ಊಟ ಮುಗಿಸತೊಡಗಿದ. ಅವನೇನೂ ನಿರ್ಧಾರ ಮಾಡಿರಲಿಲ್ಲ, ಕೈ ಆ ಬಟ್ಟಲಿನ ಕಡೆಗೆ ಹೋಗುತ್ತಿರಲಿಲ್ಲ ಅಷ್ಟೆ. ಎದುರಿಗೆ ಹೆಂಡತಿ ತಿನ್ನುತ್ತಿದ್ದಳು. ಏಳನೇ ಕ್ಲಾಸಿನ ಮಗಳು ಇನ್ನೂ ಬೇಕು ಎಂದು ತಟ್ಟೆ ಚಾಚುತ್ತಿದ್ದಳು.

ಸಮಾಧಾನಕ್ಕೆ ಕಾರಣಗಳು ಸಾಕಷ್ಟಿದ್ದವು. ಒಂದು ಸಲವಾದರೂ ತೊಳೆದಿತ್ತು, ಅವಳೂ ತೊಳೆದಿದ್ದಳು. ಉಳಿದದ್ದು ಎಷ್ಟು ಹನಿ? ಮಾರ್ಕೆಟ್ಟಿನ ತರಕಾರಿಗೂ ಇದೇ ಔಷಧಿ ಹೊಡೆಯುತ್ತಾರೆ, ಅದನ್ನು ಊರೆಲ್ಲ ತಿನ್ನುತ್ತದೆ. ಯಾರಿಗೂ ಏನೂ ಆಗಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಹಾಳೆಯಲ್ಲಿ ಇದ್ದದ್ದು ಅವನ ಟಿಕ್ಕು, ಅವನ ಸಹಿ. ಸೂಪರ್‌ವೈಸರನ ಮಾತಿಗೆ ಎಲ್ಲಿಯೂ ಗುರುತಿರಲಿಲ್ಲ. ಕೆಲಸ ಹೋಗುತ್ತದೆ, ತೋಟವೂ ಹೋಗುತ್ತದೆ. ಇವೆರಡಕ್ಕಿಂತ ಹೆಚ್ಚಾಗಿ, ಸಂಜೆ ಬಾಗಿಲಲ್ಲಿ ನಿಲ್ಲುವ ಹೆಂಗಸು ಹೋಗುತ್ತಾಳೆ. ಇದನ್ನು ಮಾತ್ರ ಅವನು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಹೀಗೆ ನಾಲ್ಕು ತಿಂಗಳು ಕಳೆದವು.

ಈ ನಾಲ್ಕು ತಿಂಗಳಲ್ಲಿ ಹೆಂಡತಿ ಕೈ ಬಿಚ್ಚಿ ಹಂಚಿದಳು. ಎದುರು ಮನೆಯ ರಿಟೈರಾದ ಬಸ್ ಡ್ರೈವರಿಗೆ ಟೊಮೆಟೊ, ಕೆಳಮನೆಯ ಹುಡುಗಿಗೆ ಪಾಲಕ್ ಸೊಪ್ಪು. ಆ ಹುಡುಗಿಗೆ ಎಂಟು ತಿಂಗಳ ಮಗು. ಹಲ್ಲು ಬರುವ ಮೊದಲೇ ಸೊಪ್ಪಿನ ರುಚಿ ಹತ್ತಿದೆ ನಿನ್ನ ಮಗನಿಗೆ ಎಂದು ಹೆಂಡತಿ ಎಳೆಯ ಎಲೆಗಳನ್ನೇ ಆರಿಸಿ ಕೊಡುತ್ತಿದ್ದಳು.

ಮಗಳ ಶಾಲೆಯ ವಿಜ್ಞಾನದ ಮೇಡಂ ತಾರಸಿ ನೋಡಲು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಹೆಂಡತಿ ಪ್ರತಿಯೊಂದು ಗಿಡದ ಹತ್ತಿರ ನಿಲ್ಲಿಸಿ ಪರಿಚಯ ಮಾಡಿಸಿದಳು. ಮೇಡಂ ಒಂದು ಕ್ಯಾನನ್ನು ವಾಲಿಸಿ ತಳ ನೋಡಿದರು.

“ಔಷಧಿ ಏನೂ ಹೊಡಿಯಲ್ವಾ?”

“ಒಂದು ತೊಟ್ಟೂ ಇಲ್ಲ ಮೇಡಂ. ಎಲ್ಲಾ ನಮ್ಮನೆಯವರು ಹಾಕಿರೋ ತೂತಿನ ಮಹಿಮೆ. ನಾನೂ ಕಾಜಾ ಹೊಡೆದವಳೇ, ಆದರೆ ಇವರ ಲೆಕ್ಕ ನನಗೆ ಬರಲ್ಲ.”

ಮೇಡಂ ಅವನ ಕಡೆ ತಿರುಗಿದರು. “ಶಾಲೆಯ ಹಿತ್ತಿಲಲ್ಲಿ ಮಕ್ಕಳ ಕೈಯಲ್ಲಿ ಹೀಗೇ ಬೆಳೆಸಬೇಕು ಅಂತಿದೀನಿ. ಮಧ್ಯಾಹ್ನ ಶಾಲೆಯಲ್ಲೇ ಅಡುಗೆ ಮಾಡ್ತೀವಲ್ಲ, ಅದಕ್ಕೂ ಆಗುತ್ತೆ. ಒಂದು ಮೂವತ್ತು ಕ್ಯಾನು ಸಿಗಬಹುದಾ?”

“ಈಗ ಬರ್ತಿಲ್ಲ ಮೇಡಂ. ಈಗೆಲ್ಲ ಕಬ್ಬಿಣದ ಡ್ರಮ್ಮು.”

“ನಿಮ್ಮ ಮ್ಯಾನೇಜರಿಗೆ ಶಾಲೆಯಿಂದ ಒಂದು ಪತ್ರ ಕೊಟ್ರೆ?”

“ಬೇಡ, ಬೇಡ. ಕಂಪನಿಯವರು ಒಪ್ಪಲ್ಲ.”

ಅವನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. ಮೇಡಂ ಮುಖ ಸಪ್ಪೆ ಮಾಡಿಕೊಂಡು ಇಳಿದು ಹೋದರು. ಅವರು ಬೀದಿ ತಿರುಗಿದ್ದೇ ಹೆಂಡತಿ ಕೇಳಿದಳು.

“ಶೆಡ್ಡಲ್ಲಿ ಕ್ಯಾನು ರಾಶಿ ಬಿದ್ದಿದೆ ಅಂತ ಮೊನ್ನೆ ನೀವೇ ಹೇಳಿದ್ರಿ.”

“ಲಾರಿ ತಗೊಂಡೋಯ್ತು.”

“ಮೂವತ್ತು ಕ್ಯಾನು ಕೊಟ್ರೆ ನಿಮ್ಮಪ್ಪನ ಗಂಟು ಹೋಗ್ತಿತ್ತಾ? ಮಕ್ಕಳಿಗೆ ಅಂತ ಬಾಯಿ ಬಿಟ್ಟು ಕೇಳಿದ್ರು. ನನಗೆ ತಲೆ ಎತ್ತೋಕಾಗಲಿಲ್ಲ.”

ಶಾಲೆಯನ್ನಾದರೂ ಇದರಿಂದ ತಪ್ಪಿಸಿದ್ದೇನೆ, ಅಷ್ಟು ಸಾಕು ಎಂದು ಅವನು ಅಂದುಕೊಂಡ. ಆ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಬುಧವಾರ ಸಂಜೆ ಅವನು ಬಂದಾಗ ಹೆಂಡತಿ ಬಾಗಿಲಲ್ಲಿರಲಿಲ್ಲ. ತಾರಸಿಗೆ ಹೋದ. ಎರಡು ಸಾಲುಗಳಲ್ಲಿ ಹಲ್ಲು ಬಿದ್ದ ಬಾಯಿಯಂತೆ ಖಾಲಿ ಜಾಗಗಳಿದ್ದವು. ಅವಳು ಕೂತು ನೆಲದ ಮೇಲಿನ ಮಣ್ಣಿನ ಗುರುತನ್ನು ಒರೆಸುತ್ತಿದ್ದಳು.

“ಎಲ್ಲೇ ಕ್ಯಾನು?”

“ಶಾಲೆಗೆ. ಹದಿನಾಲ್ಕು. ತಳ್ಳುಗಾಡಿಯವನು ಎರಡು ಸಲ ಓಡಾಡಿದ. ನೀವು ಕೊಡಲಿಲ್ಲ, ನಾನು ಕೊಟ್ಟೆ.”

“ಯಾವುದನ್ನ ಕೊಟ್ಟೆ?”

“ಶಾಲೆಗೆ ಯಾರಾದ್ರೂ ಕೆಟ್ಟದ್ದು ಕೊಡ್ತಾರಾ? ಒಂದು ಹುಳ ಬೀಳದ್ದನ್ನೇ ಆರಿಸಿ ಕೊಟ್ಟೆ. ಕಾಯಿ ತುಂಬಿಕೊಂಡಿದ್ವು. ನಾಳೆ ಮಕ್ಕಳೇ ಕೊಯ್ತಾರಂತೆ, ಮಧ್ಯಾಹ್ನದ ಅಡುಗೆಗೆ.”

ಅವನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತ. “ವಾಪಸ್ ತರಿಸು” ಎಂದ.

“ತಲೆ ನೆಟ್ಟಗಿದೆಯಾ ನಿಮಗೆ? ಕೊಟ್ಟಿದ್ದನ್ನ ಹೇಗ್ರೀ ವಾಪಸ್ ಕೇಳೋದು?”

“ತರಿಸು ಅಂದ್ನಲ್ಲ.”

“ಯಾಕೆ ಅಂತ ಹೇಳಿ. ಕಂಪನಿಯವರಿಗೆ ಗೊತ್ತಾಗುತ್ತೆ ಅಂತಾನಾ? ನಾಲ್ಕು ಪ್ಲಾಸ್ಟಿಕ್ ಕ್ಯಾನಿಗೆ ಇಷ್ಟು ಹೆದರೋ ಗಂಡಸನ್ನ ನಾನು ನೋಡಿಲ್ಲ.”

“ಅವು ಒಂದೇ ಸಲ ತೊಳೆದಿದ್ದು.”

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. ಮೋಟಾರು ಸುಟ್ಟದ್ದು, ಟ್ಯಾಂಕರು, ಸೂಪರ್‌ವೈಸರನ ಮಾತು, ಮೂರು ಟಿಕ್ಕು, ಹತ್ತೊಂಬತ್ತು ಕ್ಯಾನು. ಬದನೆಗೆ ಹುಳ ಬೀಳದ್ದು ತೂತಿನಿಂದಲ್ಲ, ಔಷಧಿ ಒಳಗೇ ಉಳಿದಿದ್ದರಿಂದ. ಬಿಡಿಬಿಡಿಯಾಗಿ, ಠಾಣೆಯಲ್ಲಿ ಹೇಳಿಕೆ ಕೊಡುವವನ ಹಾಗೆ ಹೇಳಿದ. ಅವಳು ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ಮೂರು ಸಲ ಅಂದಿದ್ರಿ.”

“ಮೊದಲಿನವು ಮೂರು ಸಲಾನೇ.”

“ಹದಿನಾಲ್ಕು ಹೋಯ್ತು. ಇನ್ನು ಐದು.” ಎದ್ದಳು. ಸಾಲಿನ ಉದ್ದಕ್ಕೂ ನಡೆದು ಒಂದು ಟೊಮೆಟೊ, ಮೂರು ಪಾಲಕ್, ಒಂದು ಬೆಂಡೆ ತೋರಿಸಿದಳು. ಒಮ್ಮೆಯೂ ತಡವರಿಸಲಿಲ್ಲ. “ಇವೈದೇ. ಇವಕ್ಕೂ ಏನೂ ಬಿದ್ದಿರಲಿಲ್ಲ.” ಆಮೇಲೆ ಅವನ ಕಡೆ ತಿರುಗಿದಳು. “ನಿಮಗೆ ಯಾವತ್ತು ಗೊತ್ತಾಯ್ತು?”

“ಈಗ… ಸ್ವಲ್ಪ ದಿನದ ಕೆಳಗೆ.”

“ನಿಮಗೆ ಗ್ಯಾಸ್ ಶುರುವಾಗಿದ್ದು ಯಾವತ್ತು?”

ಅವಳೇ ಬೆರಳು ಮಡಚಿ ಲೆಕ್ಕ ಹಾಕಿದಳು.

“ನಾಲ್ಕು ತಿಂಗಳು” ಎಂದಳು. “ಡಾಕ್ಟರು ಬೇಡ ಅಂದ್ರು ಅಂತ ನಿಮಗೆ ಬೇರೆ ಮೊಟ್ಟೆ ಬೇಯಿಸಿ ಹಾಕಿದೆ. ಮಗಳು ಎರಡನೇ ಸಲ ಹಾಕಿಸಿಕೊಂಡಾಗ ನೀವು ಎದುರಿಗೇ ಕೂತಿದ್ರಿ.”

“ತುಂಬಾ ಕಮ್ಮಿ ಕಣೇ ಅದು. ಮಾರ್ಕೆಟ್ಟಿಂದ ತರೋದರಲ್ಲೂ ಇರುತ್ತೆ.”

“ಹಾಗಿದ್ರೆ ನೀವ್ಯಾಕೆ ತಿನ್ನಲಿಲ್ಲ?”

ನಾಲ್ಕು ತಿಂಗಳು ಕೂಡಿಟ್ಟ ಕಾರಣಗಳಲ್ಲಿ ಒಂದೂ ಈ ಪ್ರಶ್ನೆಗೆ ಹೊಂದುತ್ತಿರಲಿಲ್ಲ.

ಅವಳು ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಮೇಡಂಗೆ ಫೋನು ಹಚ್ಚಿ, “ಮೇಡಂ, ನಮ್ಮನೆಯವರು ಮಾತಾಡ್ತಾರೆ” ಎಂದು ಅವನ ಕೈಗೆ ಕೊಟ್ಟಳು. ಅವನು ಹೇಳಿದ. ಮಕ್ಕಳು ಆಗಲೇ ಟೊಮೆಟೊ ಕಿತ್ತು ತಿಂದಿರಬಹುದು, ಎಷ್ಟು ಜನ ಎಂದು ನಾಳೆ ವಿಚಾರಿಸುತ್ತೇನೆ, ಕ್ಯಾನುಗಳನ್ನು ಈಗಲೇ ಕೋಣೆಯೊಳಗಿಟ್ಟು ಬೀಗ ಹಾಕಿಸುತ್ತೇನೆ ಎಂದರು ಮೇಡಂ. ಕಂಪನಿಯ ಹೆಸರು ಮತ್ತು ವಿಳಾಸ ಕೇಳಿದರು. ಅವನು ಕೊಟ್ಟ. ಸ್ಪೆಲ್ಲಿಂಗ್ ಕೇಳಿದರು. ಅದನ್ನೂ ಹೇಳಿದ.

ಫೋನಿಟ್ಟ ಮೇಲೆ ಅವನು ಐದು ಗಿಡಗಳನ್ನು ಕೀಳಲು ಹೋದ. “ಮುಟ್ಟಬೇಡಿ” ಎಂದಳು. “ಮೊದಲು ಕೆಳಗೆ ನಡೀರಿ. ಯಾರ್ಯಾರಿಗೆ ಕೊಟ್ಟಿದೀನೋ ಅವರ ಮನೆಗೆ. ಕೈ ಎತ್ತಿ ಕೊಟ್ಟಿದ್ದು ನಾನು. ಹೇಳೋದು ನೀವು.”

ಡ್ರೈವರು ಬಾಗಿಲಲ್ಲಿ ನಿಂತೇ ಪೂರ್ತಿ ಕೇಳಿದ. ಹಲ್ಲಿಲ್ಲದ ಬಾಯಲ್ಲಿ ನಕ್ಕ.

“ಅಯ್ಯೋ ಬಿಡಪ್ಪ. ಮೂವತ್ತು ವರ್ಷ ಡೀಸೆಲ್ ಹೊಗೆ ಕುಡಿದವನು ನಾನು. ನಿನ್ನ ಟೊಮೆಟೊ ನನ್ನನ್ನ ಏನ್ ಮಾಡುತ್ತೆ? ಒಳಗೆ ಬಾ, ಟೀ ಕುಡಿ.”

ಅವನಿಗೆ ಆ ಮಾತು ಹಿಡಿದುಕೊಳ್ಳಲು ಸಿಕ್ಕ ಕಂಬಿಯಂತಿತ್ತು. ನೋಡಿದೆಯಾ ಎನ್ನುವಂತೆ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಟೀ ಇನ್ನೊಂದು ದಿನ ಎಂದು ಹೇಳಿ ಅವಳ ಹಿಂದೆ ಹೋದ.

ಕೆಳಮನೆಯ ಹುಡುಗಿ ಮಗುವನ್ನು ಸೊಂಟದ ಮೇಲೆ ಹೊತ್ತು ಬಾಗಿಲು ತೆಗೆದಳು. ಹೆಂಡತಿಯನ್ನು ನೋಡಿ, “ಬನ್ನಿ ಅಕ್ಕಾ, ಇವನು ನಿಮ್ಮ ಸೊಪ್ಪಿಲ್ಲದೆ ಬಾಯೇ ತೆಗೀತಿಲ್ಲ” ಎಂದಳು. ಹೆಂಡತಿ ಗೋಡೆಗೆ ಒರಗಿ ನಿಂತಳು. ಅವನು ಶುರು ಮಾಡಿದ. ನಾಲ್ಕನೆಯ ಸಲಕ್ಕೆ ಮಾತು ಸರಾಗವಾಗಿ ಬಂತು. ಎಲ್ಲಿ ನಿಲ್ಲಿಸಬೇಕು, ಯಾವುದರ ನಂತರ ಯಾವುದು ಎಂದು ನಾಲಿಗೆಗೆ ಗೊತ್ತಾಗಿತ್ತು. ಒಂದು ಸಲ ತೊಳೆದದ್ದು ಎನ್ನುವುದನ್ನು ಒಂದು ಸಲವಾದರೂ ತೊಳೆದದ್ದು ಎಂದು ತಿದ್ದಿಕೊಂಡೇ ಹೇಳಿದ.

ಹುಡುಗಿ ಮಗುವಿನ ಬಾಯಿಯಿಂದ ಅದರ ಬೆರಳನ್ನು ತೆಗೆದಳು. ಅದು ಮತ್ತೆ ಬಾಯಿಗೆ ಹಾಕಿಕೊಂಡಿತು.

“ಯಾವ ಸೊಪ್ಪು?”

“ಪಾಲಕ್. ಮೂರು ಕ್ಯಾನು.”

“ದಿನ ಬಿಟ್ಟು ದಿನ ಕೊಟ್ಟಿದೀನಿ. ಇವನು ಊಟ ಶುರು ಮಾಡಿದ್ದೇ ಅದರಲ್ಲಿ.” ಅವಳ ದನಿ ಏರಲಿಲ್ಲ. “ಈಗ ಏನು ಮಾಡ್ಬೇಕು? ಯಾವ ಟೆಸ್ಟ್ ಮಾಡಿಸ್ಬೇಕು?”

“ಡಾಕ್ಟರಿಗೆ ತೋರಿಸೋದು ಒಳ್ಳೇದು. ಔಷಧಿ ಹೆಸರು ಬರೆದು ಕೊಡ್ತೀನಿ.”

ಜೇಬಿನಲ್ಲಿದ್ದ ಪೆನ್ನಿನಿಂದ ಬಸ್ ಟಿಕೆಟ್ಟಿನ ಹಿಂದೆ ಬರೆದು ಕೊಟ್ಟ. ಅವಳು ಅದನ್ನು ಓದಿದಳು, ಮತ್ತೊಮ್ಮೆ ಓದಿದಳು.

“ನಿಮ್ಮ ಮಗಳೂ ತಿಂತಿದ್ಲಾ?”

ಅವನಿಗೆ ಕೊನೆಗೂ ಒಂದು ಒಳ್ಳೆಯ ಉತ್ತರ ಸಿಕ್ಕಿದಂತಾಯಿತು. ಬೇಕೆಂದು ಮಾಡಿದ್ದಲ್ಲ, ಪರರಿಗೊಂದು ತನ್ನವರಿಗೊಂದು ಮಾಡಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇರೆ ಇರಲಿಲ್ಲ.

“ಹೂಂ” ಎಂದ, ತುಸು ಆತುರದಿಂದಲೇ. “ಅವಳೂ ದಿನಾ ತಿಂತಿದ್ಲು.”

ಹುಡುಗಿ ಅವನ ಮುಖವನ್ನು ನೋಡಿದಳು. ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ, ಅವನಿಂದ ದೂರದ ಕಡೆಗೆ ದಾಟಿಸಿಕೊಂಡು ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಅವನು ತಿರುಗಿದ. ಹೆಂಡತಿ ಗೋಡೆಯ ಹತ್ತಿರ ಇರಲಿಲ್ಲ.